ಹಳೆಯ ಸಾಮಾನು ಮಾರುವಾಗ ಆನ್‌ಲೈನ್ ಮೋಸಕ್ಕೆ ಸಿಗದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಟ್ಟಿಗೆಯ ಮೂಲೆಯಲ್ಲಿರುವ ಅಡಿಕೆ ಸುಲಿಯುವ ಮಷಿನ್, ಮಗಳು ಊರು ಬಿಟ್ಟ ಮೇಲೆ ಯಾರೂ ಓಡಿಸದ ಸ್ಕೂಟಿ, ದೋಣಿಯ ಔಟ್‌ಬೋರ್ಡ್ ಎಂಜಿನ್, ಹಳೆಯ ಫ್ರಿಡ್ಜ್. ಇಂಥವನ್ನು ಫೋಟೋ ತೆಗೆದು ಒಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಹಾಕಿ ಮಾರುವುದು ಈಗ ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಮಾಮೂಲು. ಕೊಳ್ಳುವವರು ಹುಷಾರಾಗಿರಬೇಕು ಎಂದು ಎಲ್ಲರಿಗೂ ಗೊತ್ತು. ಮಾರುವವರಿಗೂ ಮೋಸವಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿಯುವುದು ಹಣ ಹೋದ ಮೇಲೆಯೇ.

ದುಡ್ಡು ಬರಬೇಕಾದದ್ದು ನನಗೆ. ನನ್ನ ಖಾತೆಯಿಂದ ಹೋಗುವುದು ಹೇಗೆ?

ಕಳಿಸುವ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ, ಬಿಟ್ಟರೆ ಬ್ಯಾಲೆನ್ಸ್ ನೋಡುವುದಕ್ಕೆ. ಹಣ ಬರುವುದಕ್ಕೆ ಪಿನ್ ಬೇಡ, ಓಟಿಪಿ ಬೇಡ, ಸ್ಕ್ಯಾನ್ ಬೇಡ, ಯಾವ ಬಟನ್ನೂ ಒತ್ತಬೇಕಾಗಿಲ್ಲ. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ದರೂ ಖಾತೆಗೆ ಜಮಾ ಆಗುತ್ತದೆ. ಗಿರಾಕಿಗೆ ಬೇಕಾದದ್ದು ನಿಮ್ಮ ಯುಪಿಐ ಐಡಿ ಅಥವಾ ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಅಷ್ಟೇ.

ಅವರು ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ಹಣ ಬರುತ್ತದೆ" ಎನ್ನುತ್ತಿದ್ದಾರೆ.

ಬರುವುದಿಲ್ಲ, ಹೋಗುತ್ತದೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವವರು ಯಾರು ಎಂದು ನೆನಪಿಸಿಕೊಳ್ಳಿ: ಕೊಡುವ ಗಿರಾಕಿ. ಅಂಗಡಿಯವರು ಕೋಡ್ ತೋರಿಸಿ ಸುಮ್ಮನೆ ನಿಲ್ಲುತ್ತಾರೆ. ಇಲ್ಲಿ ಅಂಗಡಿಯವರು ನೀವು. ಕೋಡ್ ತೋರಿಸಬೇಕಾದವರೂ ನೀವೇ.

ವಂಚಕ ಕಳಿಸುವ ಚಿತ್ರದಲ್ಲಿ ಕೋಡ್‌ನ ಮೇಲೆ ನಿಮ್ಮ ಹೆಸರು, "12,000 ರೂ. ಸ್ವೀಕರಿಸಿ" ಎಂಬ ಸಾಲು, ಬ್ಯಾಂಕಿನ ಚಿಹ್ನೆ ಎಲ್ಲ ಇರಬಹುದು. ಅವು ಯಾರು ಬೇಕಾದರೂ ಟೈಪ್ ಮಾಡಬಹುದಾದ ಅಲಂಕಾರ. ಕೋಡ್‌ನ ಒಳಗಿರುವುದು ಅವನ ಯುಪಿಐ ಐಡಿ ಮತ್ತು ಒಂದು ಮೊತ್ತ. ಸ್ಕ್ಯಾನ್ ಆದ ಮೇಲೆ ಬರುವ ಪಿನ್ ಪರದೆಯನ್ನು ನಿಧಾನವಾಗಿ ಓದಿ. ಮೇಲೆ ನಿಮ್ಮ ಬ್ಯಾಂಕಿನ ಹೆಸರು, ಕೆಳಗೆ "ಟು" ಎಂದು ಒಬ್ಬರ ಹೆಸರು, "ಸೆಂಡಿಂಗ್" ಎಂದು ಮೊತ್ತ, ಅದರಡಿ ನಾಲ್ಕು ಅಥವಾ ಆರು ಖಾಲಿ ಗೆರೆ. ನೀವು ಹಣ ಕಳಿಸುತ್ತಿದ್ದೀರಿ ಎಂದು ಆ ಪರದೆಯೇ ಹೇಳುತ್ತಿರುತ್ತದೆ. ಅದನ್ನು ಓದಲು ಬಿಡಬಾರದೆಂದೇ ವಂಚಕ ಫೋನ್ ಇಡದೆ ಮಾತಾಡುತ್ತಲೇ ಇರುತ್ತಾನೆ. ಸಂಶಯ ಬಂದರೆ ಮೊದಲು ಕರೆ ಕಟ್ ಮಾಡಿ, ಆಮೇಲೆ ಓದಿ.

2025ರ ಅಕ್ಟೋಬರ್ 1ರಿಂದ, ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐಯಲ್ಲಿ "ಹಣ ಕೊಡಿ" ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನೇ ರಾಷ್ಟ್ರೀಯ ಪಾವತಿ ನಿಗಮ ನಿಲ್ಲಿಸಿದೆ. ಮೋಸದ ಒಂದು ದೊಡ್ಡ ಬಾಗಿಲು ಮುಚ್ಚಿದಂತಾಯಿತು. ಆದರೆ ವ್ಯಾಪಾರಿ ಖಾತೆಗಳಿಂದ ಬರುವ ಕೋರಿಕೆ ಈಗಲೂ ಇದೆ, ಕ್ಯೂಆರ್ ಕೋಡ್ ಅಂತೂ ಇದ್ದೇ ಇದೆ.

ಮೊದಲು 5 ರೂಪಾಯಿಗೆ ಮಾಡಿ ತೋರಿಸಿದರು, ನಿಜವಾಗಿಯೂ 10 ರೂಪಾಯಿ ಬಂತು. ಇನ್ನೂ ಸಂಶಯ ಪಡಬೇಕೇ?

ಸಂಶಯ ಪಡಬೇಕಾದದ್ದು ಆವಾಗಲೇ. ನೀವು 5 ರೂಪಾಯಿ ಕಳಿಸಿದಿರಿ, ಅವನು ಕೈಯಿಂದ 10 ರೂಪಾಯಿ ಹಾಕಿದ. ಗಾಳಕ್ಕೆ ಸಿಕ್ಕಿಸಿದ ಸೀಗಡಿ ಅದು. ಮುಂದಿನ ಕೋಡ್ 10,000ದ್ದು. ಅದು ಹೋದ ಮೇಲೆ "ಅಯ್ಯೋ, ತಪ್ಪಾಯ್ತು, ವಾಪಸ್ ಹಾಕ್ತೇನೆ, ಇನ್ನೊಂದು ಸ್ಕ್ಯಾನ್ ಮಾಡಿ" ಎನ್ನುತ್ತಾನೆ. ಒಮ್ಮೆ ಹೋದದ್ದನ್ನು ಹಿಂದೆ ತರುವ ಆಸೆಯಲ್ಲಿ ಎರಡು, ಮೂರು ಸಲ ಪಿನ್ ಹೊಡೆದು ಖಾತೆ ಬರಿದು ಮಾಡಿಕೊಳ್ಳುವವರಿದ್ದಾರೆ. ಮೊದಲ ಸಲ ಹೋದಾಗಲೇ ಕೈ ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗಿರಾಕಿ ತಾನು ನೇವಿಯವನು ಎನ್ನುತ್ತಾನೆ, ಗುರುತಿನ ಚೀಟಿಯನ್ನೂ ಕಳಿಸಿದ್ದಾನೆ. ಕಾರವಾರದಲ್ಲಿ ನೇವಿಯವರು ಬೇಕಾದಷ್ಟು ಜನ ಇದ್ದಾರಲ್ಲ?

ಇದ್ದಾರೆ, ಆದ್ದರಿಂದಲೇ ಈ ಮೋಸ ನಮ್ಮ ಕಡೆ ಸಲೀಸಾಗಿ ನಡೆಯುತ್ತದೆ. ಬೇರೆ ಊರಿನಲ್ಲಿ ಹಿಂದಿ ಮಾತಾಡುವ ಅಪರಿಚಿತ "ನಾನು ಫೌಜಿ" ಎಂದರೆ ಜನ ಒಮ್ಮೆ ಯೋಚಿಸುತ್ತಾರೆ. ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಕಾರವಾರದಲ್ಲಿ ಅದು ದಿನನಿತ್ಯದ ಮಾತು. ವರ್ಗವಾಗಿ ಬರುವ, ಹೋಗುವ ನೌಕಾಪಡೆಯವರೂ ಕೈಗಾದ ನೌಕರರೂ ಮಂಚ, ಫ್ರಿಡ್ಜ್, ಬೈಕ್ ಕೊಳ್ಳುವುದು, ಮಾರುವುದು ನಿಜವೇ.

ನಿಜವಾದವರನ್ನು ಗುರುತಿಸುವುದು ಕಷ್ಟವೇನಲ್ಲ. ಅರಗಾದಲ್ಲೋ ಅಮದಳ್ಳಿಯಲ್ಲೋ ಇರುವವರು ಸಂಜೆ ಬಂದು ವಸ್ತು ನೋಡುತ್ತಾರೆ, ದರ ಕೇಳುತ್ತಾರೆ, ಚೌಕಾಶಿ ಮಾಡುತ್ತಾರೆ. ವಂಚಕ ವಸ್ತು ನೋಡುವುದಿಲ್ಲ, ಚೌಕಾಶಿ ಮಾಡುವುದಿಲ್ಲ. "ಡ್ಯೂಟಿಯಲ್ಲಿದ್ದೇನೆ, ನಮ್ಮ ಗಾಡಿ ಬಂದು ಒಯ್ಯುತ್ತದೆ, ಹಣ ಈಗಲೇ ಹಾಕುತ್ತೇನೆ" ಎನ್ನುತ್ತಾನೆ. ಯೂನಿಫಾರ್ಮ್ ಹಾಕಿದ ಫೋಟೋ, ಕ್ಯಾಂಟೀನ್ ಕಾರ್ಡ್, ಆಧಾರ್ ಒಂದರ ಹಿಂದೊಂದು ಕಳಿಸುತ್ತಾನೆ. ಇವು ಇನ್ನೊಬ್ಬರಿಂದ ಕದ್ದವು, ಇಲ್ಲವೇ ಹೆಸರು ತಿದ್ದಿದವು. ಮುಂದೆ "ಸೇನೆಯ ಪೇಮೆಂಟ್ ಉಲ್ಟಾ ಪದ್ಧತಿ, ಮೊದಲು ನೀವು ಕಳಿಸಬೇಕು, ಅಕೌಂಟ್ಸ್ ಸೆಕ್ಷನ್ ಎರಡು ಪಟ್ಟು ವಾಪಸ್ ಹಾಕುತ್ತದೆ" ಎಂಬ ಮಾತು ಬರುತ್ತದೆ. ಅಂಥ ಪದ್ಧತಿ ಯಾವ ಪಡೆಯಲ್ಲೂ ಇಲ್ಲ. ಸಿಬ್ಬಂದಿ ಮನೆಗೆ ಕೊಳ್ಳುವ ಫ್ರಿಡ್ಜಿನ ದುಡ್ಡನ್ನು ಸೇನೆಯ ಲೆಕ್ಕ ವಿಭಾಗ ಕೊಡುವುದೂ ಇಲ್ಲ. ಗೇಟ್ ಪಾಸ್ ಶುಲ್ಕ, ಸಾಗಾಟದ ವಿಮೆ ಎಂದು ಕೇಳಿದರೂ ಅದೇ ಕಥೆ.

ಹಣ ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿದರು, ಬ್ಯಾಂಕಿನ ಮೆಸೇಜ್ ಕೂಡ ಬಂತು. ವಸ್ತು ಕೊಡಬಹುದೇ?

ಸ್ಕ್ರೀನ್‌ಶಾಟಿಗೆ ಬೆಲೆಯಿಲ್ಲ. ಹಸಿರು ಟಿಕ್, ನಿಮ್ಮ ಹೆಸರು, ಮೊತ್ತ, ಟಿಂಗ್ ಎನ್ನುವ ಶಬ್ದ ಎಲ್ಲವನ್ನೂ ಹುಟ್ಟಿಸುವ ನಕಲಿ ಆಪ್‌ಗಳಿವೆ. ನಿಮ್ಮ ಕಣ್ಣೆದುರೇ ಅವನ ಫೋನಿನಲ್ಲಿ "ಪೇಮೆಂಟ್ ಸಕ್ಸಸ್‌ಫುಲ್" ಬಂದರೂ ಆ ಪರದೆ ನಕಲಿಯಾಗಿರಬಹುದು.

ಮೆಸೇಜನ್ನು ಹೀಗೆ ನೋಡಿ. 10 ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದ್ದಲ್ಲ. ಬ್ಯಾಂಕಿನ ಮೆಸೇಜ್ ಅಕ್ಷರಗಳ ಹೆಸರಿನಿಂದ ಬರುತ್ತದೆ, ಈಗ ಆ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ "ಎಸ್" ಅಥವಾ "ಟಿ" ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತದೆ. "ಪಿ" ಇದ್ದರೆ ಅದು ಜಾಹೀರಾತು. ನಿಮ್ಮ ಖಾತೆಯ ಕೊನೆಯ ಅಂಕಿಗಳು ಸರಿಯಾಗಿವೆಯೇ ನೋಡಿ, ಅವು ಸಾಮಾನ್ಯವಾಗಿ ವಂಚಕನಿಗೆ ಗೊತ್ತಿರುವುದಿಲ್ಲ. ಇಷ್ಟೆಲ್ಲ ಸರಿಯಿದ್ದರೂ ಮೆಸೇಜನ್ನೇ ಸಾಕ್ಷಿ ಎಂದುಕೊಳ್ಳಬೇಡಿ. ನಿಮ್ಮ ಫೋನಿನಲ್ಲಿ, ನಿಮ್ಮ ಬ್ಯಾಂಕಿನ ಆಪ್ ನೀವೇ ತೆರೆದು, ಬ್ಯಾಲೆನ್ಸ್ ಮತ್ತು ಕೊನೆಯ ಜಮಾ ನೋಡಿ. ಮಾರುವ ಮೊದಲು ಎಷ್ಟಿತ್ತು ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗಡಿಬಿಡಿಯಲ್ಲಿ ಲೆಕ್ಕ ತಪ್ಪುವುದಿಲ್ಲ. ಯುಪಿಐ ಜಮೆಗೆ 12 ಅಂಕಿಯ ವಹಿವಾಟು ಸಂಖ್ಯೆ ಇರುತ್ತದೆ. ಗಿರಾಕಿ ತೋರಿಸಿದ ಸಂಖ್ಯೆಯೂ ನಿಮ್ಮ ಖಾತೆಯಲ್ಲಿ ಕಾಣುವ ಸಂಖ್ಯೆಯೂ ಒಂದೇ ಇರಬೇಕು.

"ಇವತ್ತು ಭಾನುವಾರ, ನೆಫ್ಟ್ ಮಾಡಿದ್ದೇನೆ, ಸೋಮವಾರ ಬರುತ್ತದೆ" ಎಂದರೆ?

ಆ ಕಾಲ ಹೋಯಿತು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಈ ವ್ಯವಸ್ಥೆಗಳಲ್ಲಿ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ವರ್ಷದ ಎಲ್ಲ ದಿನ, 24 ಗಂಟೆಯೂ ನಡೆಯುತ್ತವೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಇತ್ಯರ್ಥವಾಗುತ್ತದೆ, ಹೆಚ್ಚೆಂದರೆ ಎರಡು ಮೂರು ಗಂಟೆ ಕಾಯಬೇಕಾದೀತು. ಚೆಕ್ ಕೊಟ್ಟರೆ ಮಾತ್ರ ಪಾಸಾಗಿ ಖಾತೆಗೆ ಬರುವವರೆಗೆ ವಸ್ತು ನಿಮ್ಮಲ್ಲೇ ಇರಲಿ.

ನಮ್ಮ ಮನೆಯಲ್ಲಿ ನೆಟ್‌ವರ್ಕೇ ಸಿಗುವುದಿಲ್ಲ. ಜಮಾ ನೋಡುವುದು ಹೇಗೆ?

ಜೋಯಿಡಾ, ಸಿದ್ದಾಪುರ, ಶಿರಸಿಯ ಒಳ ಹಳ್ಳಿಗಳಲ್ಲಿ ಇದು ನಿಜವಾದ ತೊಂದರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. "ನಾನು ಹಾಕಿದ್ದೇನೆ, ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಆಮೇಲೆ ತೋರಿಸುತ್ತದೆ" ಎಂದು ಹೇಳಿ ದೋಟಿಯನ್ನೋ ಔಷಧಿ ಹೊಡೆಯುವ ಪಂಪನ್ನೋ ಜೀಪಿಗೆ ಹಾಕಿಕೊಂಡು ಹೋಗಿಬಿಟ್ಟರೆ ಹಿಂದೆ ಓಡುವವರಾರು?

ವಸ್ತು ಮನೆಯಲ್ಲಿ ನೋಡಲಿ, ಓಡಿಸಿ ಪರೀಕ್ಷಿಸಲಿ. ದುಡ್ಡಿನ ವ್ಯವಹಾರವನ್ನು ಮಾತ್ರ ಸಿಗ್ನಲ್ ಸಿಗುವ ಕಡೆ ಮಾಡಿ: ಪೇಟೆಯ ಬ್ಯಾಂಕಿನ ಎದುರು, ಸೊಸೈಟಿಯ ಜಗುಲಿಯಲ್ಲಿ. ಸಣ್ಣ ವಸ್ತುವಾದರೆ ಅಲ್ಲಿಗೇ ಒಯ್ಯಿರಿ. ದೊಡ್ಡದಾದರೆ ಮನೆಯವರೊಬ್ಬರು ವಸ್ತುವಿನ ಹತ್ತಿರ ಇರಲಿ, ನೀವು ಪೇಟೆಯಿಂದ ಲ್ಯಾಂಡ್‌ಲೈನಿಗೋ ಪಕ್ಕದ ಮನೆಗೋ ಫೋನ್ ಮಾಡಿ "ಬಂತು" ಎಂದ ಮೇಲೆ ಕೊಡಲಿ. ಇಂಟರ್ನೆಟ್ ಇಲ್ಲದೆ ಬರೀ ಕರೆ ಹೋಗುವಷ್ಟು ಸಿಗ್ನಲ್ ಇದ್ದರೆ *99# ಒತ್ತಿ ಬ್ಯಾಲೆನ್ಸ್ ನೋಡಬಹುದು. ಖಾತೆಗೆ ಜೋಡಿಸಿದ ಸಿಮ್‌ನಿಂದ ಮಾಡಬೇಕು, ಯುಪಿಐ ಪಿನ್ ಮೊದಲೇ ಮಾಡಿಕೊಂಡಿರಬೇಕು.

12,000 ಹಾಕುವ ಬದಲು 21,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ ಎನ್ನುತ್ತಿದ್ದಾರೆ.

ಮೊದಲು ಖಾತೆ ನೋಡಿ. ಹೆಚ್ಚಿನ ಸಲ ಬಂದಿರುವುದು ನಕಲಿ ಮೆಸೇಜ್ ಮಾತ್ರ, ಹಣ ಬಂದೇ ಇರುವುದಿಲ್ಲ. ನಿಜವಾಗಿಯೂ ಬಂದಿದ್ದರೆ ನೀವಾಗಿ ಬೇರೆ ನಂಬರಿಗೆ ಕಳಿಸಬೇಡಿ, ಅದು ಕದ್ದ ಹಣವೂ ಇರಬಹುದು. "ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಮ್ಮ ಬ್ಯಾಂಕ್ ಕೇಳಿದರೆ ಒಪ್ಪುತ್ತೇನೆ" ಎನ್ನಿ, ನಿಮ್ಮ ಶಾಖೆಗೂ ಬರೆದು ತಿಳಿಸಿ. ಹಣ ನಿಮ್ಮದಲ್ಲದ್ದರಿಂದ ಖರ್ಚು ಮಾಡಲೂಬೇಡಿ.

ವಸ್ತು ನೋಡಲು ಒಬ್ಬರು ಬರುತ್ತಾರೆ, ಹಣ ಇನ್ನೊಬ್ಬರು ಹಾಕುತ್ತಾರಂತೆ. ಪರವಾಗಿಲ್ಲವೇ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ಪಿನ್, ಕ್ಯೂಆರ್ ಬಗ್ಗೆ ಎಲ್ಲ ಗೊತ್ತಿರುವವರೂ ಬೀಳುವುದು ಇಲ್ಲಿಯೇ.

ಹೊನ್ನಾವರದಲ್ಲಿ ನಿಮ್ಮ ಸ್ಕೂಟಿಯನ್ನು 45,000ಕ್ಕೆ ಹಾಕಿದ್ದೀರಿ ಎಂದುಕೊಳ್ಳಿ. ಒಬ್ಬ ಫೋನ್ ಮಾಡಿ ಹೇಳಿದ ದರಕ್ಕೇ ಒಪ್ಪುತ್ತಾನೆ. "ನನ್ನ ಭಾವ ಕುಮಟಾದಿಂದ ಬಂದು ನೋಡುತ್ತಾರೆ. ದರದ ವಿಷಯ ಅವರ ಹತ್ತಿರ ಎತ್ತಬೇಡಿ, ನಮ್ಮೊಳಗೆ ಲೆಕ್ಕಾಚಾರವಿದೆ. ಕೇಳಿದರೆ ನಾನು ನಿಮ್ಮ ಪರಿಚಯದವನು ಎನ್ನಿ." ಇತ್ತ ಅದೇ ಮನುಷ್ಯ ನಿಮ್ಮ ಫೋಟೋಗಳನ್ನೇ ಎತ್ತಿಕೊಂಡು ಅದೇ ಸ್ಕೂಟಿಯನ್ನು ಬೇರೆ ಕಡೆ 30,000ಕ್ಕೆ ಹಾಕಿರುತ್ತಾನೆ. ಕುಮಟಾದಲ್ಲಿ ಒಬ್ಬ ನಿಜವಾದ ಗಿರಾಕಿ ಸಿಗುತ್ತಾರೆ. ಅವರಿಗೆ ಹೇಳುವುದು: "ಗಾಡಿ ನನ್ನ ಅಣ್ಣನ ಮನೆಯಲ್ಲಿದೆ, ಹೋಗಿ ನೋಡಿ. ಅವನ ಹತ್ತಿರ ದರ ಮಾತಾಡಬೇಡಿ, ದುಡ್ಡು ನನಗೆ ಹಾಕಿ."

ಈಗ ನಿಮ್ಮ ಅಂಗಳದಲ್ಲಿ ಇಬ್ಬರು ಪ್ರಾಮಾಣಿಕರು ಎದುರುಬದುರು ನಿಂತಿದ್ದೀರಿ. ಇಬ್ಬರ ಬಾಯನ್ನೂ ಒಬ್ಬ ಕಾಣದ ಮನುಷ್ಯ ಕಟ್ಟಿದ್ದಾನೆ. ಅವರು ಗಾಡಿ ನೋಡಿ ಮೆಚ್ಚಿ 30,000 ಅವನಿಗೆ ಹಾಕುತ್ತಾರೆ. ನಿಮಗೆ ಏನೂ ಬರುವುದಿಲ್ಲ. ಅವರು ಗಾಡಿ ಕೊಡಿ ಎನ್ನುತ್ತಾರೆ, ನೀವು ದುಡ್ಡೆಲ್ಲಿ ಎನ್ನುತ್ತೀರಿ, ಜಗಳ ಠಾಣೆಗೆ ಹೋಗುತ್ತದೆ. ಅವನ ಫೋನ್ ಆಗಲೇ ಬಂದ್.

ಇನ್ನೊಂದು ಬಗೆ ಇನ್ನೂ ಕೆಟ್ಟದ್ದು. ವಂಚಕ ಬೇರೆ ಯಾವುದೋ ಮೋಸಕ್ಕೆ ಸಿಕ್ಕವರ ಕೈಯಿಂದ ನೇರ ನಿಮ್ಮ ಖಾತೆಗೇ ಹಣ ಹಾಕಿಸಿ, ತನ್ನ ಹುಡುಗನನ್ನು ಕಳಿಸಿ ವಸ್ತು ಒಯ್ಯುತ್ತಾನೆ. ನಿಮಗೆ ಪೂರ್ತಿ ಹಣ ಬಂತು, ಸಂತೋಷ. ಆದರೆ ಆ ಹಣ ಕಳೆದುಕೊಂಡವರು ದೂರು ಕೊಟ್ಟರೆ, ಸ್ವಲ್ಪ ದಿನ ಬಿಟ್ಟು ನಿಮ್ಮ ಖಾತೆ ಫ್ರೀಜ್, ಎಂದರೆ ವ್ಯವಹಾರಕ್ಕೆ ತಡೆ.

ಎರಡಕ್ಕೂ ಪರಿಹಾರ ಒಂದೇ. ವಸ್ತು ಒಯ್ಯುವವರೇ ಹಣ ಕೊಡಬೇಕು, ಅವರ ಸ್ವಂತ ಖಾತೆಯಿಂದ, ನಿಮ್ಮೆದುರು. ಜಮೆಯಲ್ಲಿ ಕಾಣುವ ಹೆಸರು ಅವರ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು. ಹೆಂಡತಿಯ ಖಾತೆ, ಮಗನ ಖಾತೆ ಎಂದರೆ ಆ ಹೆಂಡತಿ ಅಥವಾ ಮಗನೊಡನೆ ಫೋನಿನಲ್ಲಿ ಮಾತಾಡಿ. ಬಂದವರ ಹತ್ತಿರ ಬಾಯಿಬಿಟ್ಟು ಕೇಳಿ: "ನಿಮಗೆ ಎಷ್ಟಕ್ಕೆ ಅಂತ ಹೇಳಿದ್ದಾರೆ? ಹೇಳಿದವರು ನಿಮಗೆ ಏನಾಗಬೇಕು?" ಈ ಎರಡು ಪ್ರಶ್ನೆಗೆ ಮೋಸ ಅಲ್ಲೇ ಬಯಲಾಗುತ್ತದೆ. "ದರ ಮಾತಾಡಬೇಡಿ" ಎಂದು ಯಾರೇ ಹೇಳಲಿ, ಆ ವ್ಯಾಪಾರ ಬಿಟ್ಟುಬಿಡಿ.

ನನ್ನ ಖಾತೆ ಈಗಾಗಲೇ ಫ್ರೀಜ್ ಆಗಿದೆ. ನಾನು ಮಾರಿದ್ದು ನಿಜವಾದ ವಸ್ತು.

ಶಾಖೆಗೆ ಹೋಗಿ ಬರಹದಲ್ಲಿ ಕೇಳಿ: ಯಾವ ರಾಜ್ಯದ ಯಾವ ಠಾಣೆ ತಡೆ ಹಾಕಿಸಿದ್ದು, ದೂರಿನ ಸಂಖ್ಯೆ ಏನು, ಎಷ್ಟು ಮೊತ್ತಕ್ಕೆ. ಸಣ್ಣ ಮೊತ್ತದ ದೂರಿಗೆ ಇಡೀ ಖಾತೆ ತಡೆದಿದ್ದರೆ, ಆ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡುವಂತೆ ಬ್ಯಾಂಕಿಗೂ ಠಾಣೆಗೂ ಮನವಿ ಕೊಡಿ. ಮನವಿಯ ಜೊತೆ ಜಾಹೀರಾತಿನ ಪ್ರತಿ, ವಾಟ್ಸಾಪ್ ಮಾತುಕತೆ, ವಸ್ತುವಿನ ಮೂಲ ಬಿಲ್, ಮಾರಾಟದ ಚೀಟಿ ಬೇಕು.

ಈ ಚೀಟಿ ನಮ್ಮಲ್ಲಿ ಯಾರೂ ಬರೆಯುವುದಿಲ್ಲ, ಬರೆಯಲು ಐದು ನಿಮಿಷ ಸಾಕು. ತಾರೀಕು, ವಸ್ತುವಿನ ಹೆಸರು, ಅದರ ಮೇಲಿರುವ ಸೀರಿಯಲ್ ನಂಬರ್, ಮೊತ್ತ, ವಹಿವಾಟು ಸಂಖ್ಯೆ, ಕೊಂಡವರ ಹೆಸರು, ವಿಳಾಸ, ಫೋನ್, ಇಬ್ಬರ ಸಹಿ. ಎರಡು ಪ್ರತಿ ಮಾಡಿ ಒಂದೊಂದು ಇಟ್ಟುಕೊಳ್ಳಿ. ವಸ್ತುವಿನ ಜೊತೆ ಕೊಂಡವರ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬೇಡ ಎಂದು ಮುಖ ತಿರುಗಿಸುವವರಿಗೆ ಮಾರಬೇಡಿ.

ಇದೆಲ್ಲ ರಗಳೆ ಬೇಡ, ನಗದು ತೆಗೆದುಕೊಂಡರೆ?

ಒಳ್ಳೆಯದೇ. ಹಣ ಹಾಕುವ ಯಂತ್ರವಿರುವ ಬ್ಯಾಂಕಿನಲ್ಲಿ ಭೇಟಿಯಾಗಿ ನೋಟುಗಳನ್ನು ಅಲ್ಲೇ ನಿಮ್ಮ ಖಾತೆಗೆ ಹಾಕಿ. ಯಂತ್ರ ನೋಟು ಪರೀಕ್ಷಿಸಿ ಎಣಿಸಿ ಚೀಟಿ ಕೊಡುತ್ತದೆ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಕಾರು ಮಾರುವವರು ನೆನಪಿಡಿ.

ಕೊರಿಯರ್ ಲಿಂಕ್ ಕಳಿಸಿ "ಇದರಲ್ಲಿ ವಿವರ ತುಂಬಿದರೆ ಹಣ ಜಮಾ" ಎನ್ನುತ್ತಾರೆ.

ಆ ಪುಟ ಕಾರ್ಡಿನ ನಂಬರ್, ಹಿಂಬದಿಯ ಮೂರು ಅಂಕಿ, ಓಟಿಪಿ ಕೇಳುತ್ತದೆ. ಹಣ ಬರಲು ಇವು ಯಾವುವೂ ಬೇಡ. ಕೊನೆಗೆ "ಎಪಿಕೆ" ಎಂದಿರುವ ಫೈಲನ್ನು ರಸೀದಿ ಎಂದು ಕಳಿಸಿದರೂ ಒತ್ತಬೇಡಿ, ಅದು ನಿಮ್ಮ ಮೆಸೇಜುಗಳನ್ನು ಓಟಿಪಿ ಸಮೇತ ವಂಚಕನಿಗೆ ದಾಟಿಸುವ ಆಪ್. "ಸಹಾಯ ಮಾಡುತ್ತೇನೆ" ಎಂದು, ದೂರದಿಂದಲೇ ನಿಮ್ಮ ಫೋನಿನ ಪರದೆ ನೋಡಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಆಪ್ ಹಾಕಿಸುವುದು, ವಾಟ್ಸಾಪ್ ವಿಡಿಯೋ ಕರೆಯಲ್ಲಿ ಪರದೆ ಹಂಚಿಕೊಳ್ಳಿ ಎನ್ನುವುದು ಕೂಡ ಓಟಿಪಿ ಕದಿಯುವುದಕ್ಕೇ. ಹಾಕಿಬಿಟ್ಟಿದ್ದರೆ ತಕ್ಷಣ ಫ್ಲೈಟ್ ಮೋಡ್ ಒತ್ತಿ, ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಯಿರಿ, ಆಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ.

ಬೈಕ್, ಸ್ಕೂಟಿ ಮಾರುವಾಗ ಹಣ ಬಂದರೆ ಮುಗಿಯಿತಲ್ಲ?

ಮುಗಿಯಲಿಲ್ಲ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೆ ಆ ಗಾಡಿಯ ಅಪಘಾತದ ಪರಿಹಾರಕ್ಕೆ ನೀವೇ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಗಾಡಿಯ ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ನ್ನು ಕೊಂಡವರ ಹೆಸರು, ತಾರೀಕು ತುಂಬಿಯೇ ಸಹಿ ಮಾಡಿ. ಖಾಲಿ ಫಾರಂಗೆ ಸಹಿ ಹಾಕಿ ಕೊಡುವುದು ಖಾಲಿ ಚೆಕ್ ಕೊಟ್ಟ ಹಾಗೆ. ಕೊಂಡವರು ರಾಜ್ಯದೊಳಗಿನವರಾದರೆ 14 ದಿನದೊಳಗೆ ನಿಮ್ಮ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಕೆಎ 30 ಆದರೆ ಕಾರವಾರ, 31 ಆದರೆ ಶಿರಸಿ, 47 ಆದರೆ ಹೊನ್ನಾವರ, 65 ಆದರೆ ದಾಂಡೇಲಿ. ಸಾಲದ ಗಾಡಿಯಾದರೆ ಮೊದಲು ಬ್ಯಾಂಕಿನ ಎನ್‌ಓಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು.

ಹಳೆಯ ಮೊಬೈಲ್ ಮಾರುವಾಗ?

ಯುಪಿಐ ಆಪ್‌ಗಳಿಂದ ಲಾಗ್‌ಔಟ್ ಆಗಿ, ಗೂಗಲ್ ಖಾತೆ ತೆಗೆದು, ಸಿಮ್ ಮತ್ತು ಮೆಮೊರಿ ಕಾರ್ಡ್ ಎಳೆದು, ನಂತರ ಫ್ಯಾಕ್ಟರಿ ರೀಸೆಟ್. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಎಂಬ ಫೋನಿನ ಗುರುತು ಸಂಖ್ಯೆಯನ್ನು ಮಾರಾಟದ ಚೀಟಿಯಲ್ಲಿ ಬರೆಯಿರಿ.

ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ?

ಕೊಡುವುದಿಲ್ಲ. ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಕಮಿಷನ್ ಎಂದು ನಿಮ್ಮಿಂದಲೇ ಕೀಳುತ್ತಾರೆ. ಹಳೆಯ ನೋಟು, ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.

ಮೋಸ ಆಗಿಹೋಯಿತು. ಈಗ ಏನು ಮಾಡಲಿ?

ಮೊದಲು 1930. ರಾತ್ರಿಯಾದರೂ ಸರಿ, ಹಬ್ಬವಾದರೂ ಸರಿ. ಮನೆಯವರಿಗೆ ಹೇಳಲು ಮುಜುಗರವಾದರೆ ಆಮೇಲೆ ಹೇಳಿ, ಕರೆ ಮಾತ್ರ ಈಗಲೇ ಮಾಡಿ. ಕದ್ದ ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ, ನಿಮಿಷಗಳಲ್ಲಿ ಎರಡು, ಮೂರು, ನಾಲ್ಕು ಖಾತೆ ದಾಟಿ ಎಟಿಎಂನಿಂದ ಹೊರಬೀಳುತ್ತದೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ 1930ರ ಮೂಲಕ ಆ ಬ್ಯಾಂಕಿಗೆ ಸುದ್ದಿ ಹೋಗಿ ಅಲ್ಲೇ ತಡೆಯಬಹುದು. ನಗದಾಗಿ ಹೊರಬಿದ್ದ ಮೇಲೆ ಹಿಡಿಯುವುದು ಬಹಳ ಕಷ್ಟ.

ಕರೆಗೆ ಮುಂಚೆ ಇವು ಎದುರಿಗಿರಲಿ: ನಿಮ್ಮ ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, 12 ಅಂಕಿಯ ವಹಿವಾಟು ಸಂಖ್ಯೆ, ಹೋದ ಯುಪಿಐ ಐಡಿ, ವಂಚಕನ ಫೋನ್ ನಂಬರ್. ದೂರಿನ ಸಂಖ್ಯೆ ಬರೆದುಕೊಳ್ಳಿ. ಅದಾದ ಮೇಲೆ ಬ್ಯಾಂಕಿಗೆ ಕರೆ, ಎಟಿಎಂ ಕಾರ್ಡಿನ ಹಿಂಬದಿಯ ನಂಬರಿಗೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ನಕಲಿಯವೂ ಇವೆ. ಬಳಿಕ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಪೂರ್ತಿ ದೂರು ತುಂಬಿ. ನೇರ ಹೋಗುವುದಾದರೆ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆ ಇದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರಿನ ಠಾಣೆಯಲ್ಲೂ ಕೊಡಬಹುದು. ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318(4), ಫೋನ್, ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯ 66ಡಿ ಕಲಂ ಅನ್ವಯಿಸುತ್ತವೆ.

ಸಿಟ್ಟಿನಲ್ಲಿ ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸಾಕ್ಷಿಯೇ ಅದು.

ಬ್ಯಾಂಕ್ ಹಣ ತುಂಬಿ ಕೊಡುತ್ತದೆಯೇ?

ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೀಗೆ ಹೇಳುತ್ತದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ಹೊಣೆಯಿಲ್ಲ. ನೀವೇ ಪಿನ್, ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯ ಬರಹದಲ್ಲಿರಬೇಕು ಎನ್ನುವುದು ಇದಕ್ಕೇ. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಉತ್ತರ ಸಮಾಧಾನ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ. ಮಾಹಿತಿಗೆ 14448.

ದೂರು ಕೊಟ್ಟ ಮೇಲೆ ಯಾರೋ ಫೋನ್ ಮಾಡಿ "ನಿಮ್ಮ ಹಣ ಸಿಕ್ಕಿದೆ, ಬಿಡಿಸಲು 2,000 ಕಟ್ಟಿ" ಎನ್ನುತ್ತಾರೆ.

ಅದು ಎರಡನೆಯ ಮೋಸ. ಕಳೆದುಕೊಂಡವರ ನಂಬರುಗಳೂ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಪೊಲೀಸರಾಗಲಿ ಬ್ಯಾಂಕಾಗಲಿ ತಡೆದ ಹಣ ವಾಪಸ್ ಕೊಡಲು ಶುಲ್ಕ ಕೇಳುವುದಿಲ್ಲ. ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ, ಸಂಶಯದ ಕರೆಗಳನ್ನು ತಿಳಿಸುವ ಚಕ್ಷು ವಿಭಾಗದಲ್ಲಿ ದಾಖಲಿಸಿ.

ಹೋದದ್ದು 800 ರೂಪಾಯಿ. ಇದಕ್ಕೂ ದೂರು ಕೊಡಬೇಕೇ?

ಕೊಡಿ. ನಿಮ್ಮ 800 ಹೋದ ಖಾತೆಗೇ ಅಂಕೋಲಾದ ಇನ್ನೊಬ್ಬರ 80,000ವೂ ಹೋಗಿರಬಹುದು. ದೂರುಗಳಲ್ಲಿರುವ ಯುಪಿಐ ಐಡಿ, ಫೋನ್ ನಂಬರ್ ಒಂದಕ್ಕೊಂದು ತಾಳೆಯಾದಾಗಲೇ ಆ ಖಾತೆ, ಆ ಸಿಮ್ ಬಂದ್ ಆಗುವುದು. 1930ಕ್ಕೆ ಕನಿಷ್ಠ ಮೊತ್ತ ಎಂಬುದಿಲ್ಲ.